‘ಬದಲಿಸಿ ನೋಡೋಣ’ ಎಂಬ ರಿಪೇರಿ

ಆಕ್ಸಿಲರೇಟರ್ ತುಳಿದಾಗ ಎಂಜಿನ್ ಕೂಡಲೇ ಎಳೆಯದೆ ಒಂದು ಕ್ಷಣ ತಡವರಿಸುವುದು, ಇಲ್ಲವೇ ಜರ್ಕ್ ಹೊಡೆದು ಆಮೇಲೆ ಓಡುವುದು ಪೆಟ್ರೋಲ್ ಕಾರುಗಳಲ್ಲಿ ಪದೇ ಪದೇ ಕೇಳಿಬರುವ ದೂರು. ಇದರ ಮೂಲತತ್ತ್ವ ಕಷ್ಟದ್ದೇನಲ್ಲ. ಪೆಡಲ್ ಒತ್ತಿದಾಗ ಥ್ರಾಟಲ್ ತೆರೆದು ಗಾಳಿ ನುಗ್ಗುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಅದೇ ಗಳಿಗೆಯಲ್ಲಿ ಸೇರಬೇಕು, ಹೊತ್ತಿಗೆ ಸರಿಯಾಗಿ ಕಿಡಿ ಹಾರಬೇಕು, ಸುಟ್ಟ ಹೊಗೆಗೆ ಹೊರಹೋಗುವ ದಾರಿ ತೆರೆದಿರಬೇಕು. ಗಾಳಿ, ಇಂಧನ, ಕಿಡಿ, ಹೊಗೆದಾರಿ: ನಾಲ್ಕರಲ್ಲಿ ಯಾವುದು ತಪ್ಪಿದರೂ ಗಾಡಿ ತಡವರಿಸುತ್ತದೆ. ನಾಲ್ಕನ್ನೂ ಅಳೆಯಲು ಬರುತ್ತದೆ, ಅಳೆಯುವ ಉಪಕರಣಗಳು ಸಾಧಾರಣ ಗ್ಯಾರೇಜಿನ ಕೈಗೆಟುಕುವ ಬೆಲೆಯಲ್ಲೇ ಸಿಗುತ್ತವೆ. ಹೀಗಿದ್ದೂ ‘ಪಿಕಪ್ ಇಲ್ಲ’ ಎಂದು ಬಂದ ಗಾಡಿಗೆ ಬಹುಪಾಲು ಕಡೆ ಸಿಗುವುದು ಅಳತೆಯಲ್ಲ, ಒಂದು ಮಾತು: ‘ಪ್ಲಗ್ ಬದಲಿಸಿ ನೋಡೋಣ ಸಾರ್. ಆಗ್ಲಿಲ್ಲ ಅಂದ್ರೆ ಕಾಯಿಲ್. ಅದೂ ಅಲ್ಲ ಅಂದ್ರೆ ಪಂಪು.’

ಈ ಮಾತಿನ ಹಿಂದೆ ಒಂದು ನಂಬಿಕೆ ಬೇರೂರಿದೆ. ಈಗಿನ ಎಂಜಿನ್ನು ಬಲು ಜಟಿಲ, ಕಾರಣ ಹುಡುಕುತ್ತ ಕೂತರೆ ದಿನ ದಂಡ, ಬಿಡಿಭಾಗಗಳು ಹೇಗೂ ಸವೆದಿರುತ್ತವೆ, ಹೊಸದು ಹಾಕಿದರೆ ನಷ್ಟವೇನು ಎಂಬುದು ಆ ನಂಬಿಕೆ. ಮೆಕ್ಯಾನಿಕ್ ಇದನ್ನು ಅನುಭವವೆಂದು ಕರೆಯುತ್ತಾನೆ, ಸರ್ವಿಸ್ ಸೆಂಟರಿನ ಸಲಹೆಗಾರ ‘ಮುನ್ನೆಚ್ಚರಿಕೆ’ ಎನ್ನುತ್ತಾನೆ, ಮಾಲೀಕ ವಿಧಿಯೆಂದು ಒಪ್ಪಿಕೊಳ್ಳುತ್ತಾನೆ. ನಷ್ಟವೇನು ಎಂಬುದಕ್ಕೆ ಬಿಲ್ಲಿನಲ್ಲೇ ಉತ್ತರವಿದೆ. ಐದು ಭಾಗ ಬದಲಿಸಿದ ಮೇಲೆ ಗಾಡಿ ಸರಿಹೋಯಿತು ಎಂದರೆ, ನಾಲ್ಕು ಒಳ್ಳೆಯ ಭಾಗಗಳು ಗುಜರಿಗೆ ಹೋದವು ಎಂದರ್ಥ. ಆ ನಾಲ್ಕರ ಬೆಲೆಯನ್ನೂ, ಅವನ್ನು ಬಿಚ್ಚಿ ಕೂರಿಸಿದ ಕೂಲಿಯನ್ನೂ ಕೊಟ್ಟವರು ಯಾರು? ಐದನೆಯದಾದರೂ ಕೆಟ್ಟಿತ್ತೆಂದು ಹೇಳುವ ಆಧಾರವೂ ಇಲ್ಲ. ಸೆನ್ಸರ್ ಬದಲಿಸುವಾಗ ಅದರ ಕನೆಕ್ಟರನ್ನು ಎಳೆದು ಮತ್ತೆ ಚುಚ್ಚಲಾಗುತ್ತದೆ. ಕಿಲುಬು ಹಿಡಿದ ಪಿನ್ನು ಆ ಉಜ್ಜಾಟಕ್ಕೇ ಸ್ವಚ್ಛವಾಗಿ, ಹಳೆಯ ಸೆನ್ಸರಿನಲ್ಲೇ ಗಾಡಿ ಸರಿಹೋಗುತ್ತಿತ್ತೋ ಏನೋ. ಅಳತೆ ಮಾಡದವನಿಗೆ ತನ್ನ ಗೆಲುವು ಯಾವುದರಿಂದ ಬಂತು ಎಂಬುದೂ ತಿಳಿಯುವುದಿಲ್ಲ. ಮೂರು ತಿಂಗಳಿಗೆ ಅದೇ ಪಿನ್ನು ಮತ್ತೆ ಕಿಲುಬುಗಟ್ಟಿದಾಗ ಇನ್ನೊಂದು ಸೆನ್ಸರ್ ಬರುತ್ತದೆ.

ಈ ಪದ್ಧತಿಯ ಮೊದಲ ತಪ್ಪು ಬಾನೆಟ್ ತೆರೆಯುವ ಮುಂಚೆಯೇ ಆಗಿರುತ್ತದೆ. ಗಾಡಿ ಯಾವಾಗ ತಡವರಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಜಾಬ್ ಕಾರ್ಡಿನಲ್ಲಿ ‘ಪಿಕಪ್ ಕಡಿಮೆ, ಜನರಲ್ ಚೆಕಪ್’ ಎಂದು ಗೀಚಿದರೆ ಮುಗಿಯಿತು. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಮಾತ್ರ ತಡವರಿಸಿ ಬಿಸಿಯಾದ ಮೇಲೆ ಸರಿಯಾಗುವ ಗಾಡಿಯಲ್ಲಿ ಗುಮಾನಿ ಹೋಗಬೇಕಾದದ್ದು ಕೂಲೆಂಟ್ ತಾಪ ಅಳೆಯುವ ಸೆನ್ಸರಿನ ಕಡೆಗೆ, ಇಲ್ಲವೇ ವಾಲ್ವಿನ ಬೆನ್ನಿಗೆ ಅಂಟಿ ಪೆಟ್ರೋಲ್ ಹೀರುವ ಕಾರ್ಬನ್ನಿನ ಕಡೆಗೆ. ಪೆಡಲಿಗೆ ಕಾಲು ತಾಗಿಸಿದ ಮೊದಲ ಕ್ಷಣದಲ್ಲಷ್ಟೇ ಮುಗ್ಗರಿಸಿದರೆ ಥ್ರಾಟಲ್ ಸೆನ್ಸರ್ ಅಥವಾ ಗಾಳಿಯ ಸೋರಿಕೆ. ಶಿರಾಡಿ ಘಾಟಿಯ ಏರಿನಲ್ಲಿ ಮೇಲಿನ ಗೇರಿನಲ್ಲಿ ಒತ್ತಿದಾಗ ಜರ್ಕ್ ಹೊಡೆದರೆ ಕಿಡಿಯ ದೌರ್ಬಲ್ಯ. ವೇಗ ಹೆಚ್ಚಿದಷ್ಟೂ ಉಸಿರುಗಟ್ಟಿದರೆ ಇಂಧನದ ಒತ್ತಡ ಅಥವಾ ಮುಚ್ಚಿಕೊಂಡ ಹೊಗೆದಾರಿ. ಮಳೆ ಬಂದ ದಿನ ಮಾತ್ರ ಎಂದರೆ ಕಾಯಿಲಿನ ರಬ್ಬರ್ ತೊಡುಗೆಯಲ್ಲಿ ಬಿರುಕು. ಐದು ನಿಮಿಷದ ಈ ವಿಚಾರಣೆ ಅರ್ಧ ಪಟ್ಟಿಯನ್ನೇ ಅಳಿಸಿಹಾಕುತ್ತದೆ. ಅದಕ್ಕೆ ದುಡ್ಡು ಬೇಡ, ಸ್ಕ್ಯಾನರ್ ಬೇಡ, ಬಾಯಿ ಬಿಟ್ಟು ಕೇಳಿದರೆ ಸಾಕು. ಕೇಳದಿರುವುದಕ್ಕೆ ಯಾವ ಜಟಿಲತೆಯ ನೆಪ ಹೇಳಲಾದೀತು?

ಕೆಲವು ಸಲ ತಡವರಿಸುತ್ತಿರುವುದು ಎಂಜಿನ್ನೇ ಅಲ್ಲ. 2014ರಲ್ಲಿ ಮಾರುತಿ ಸೆಲೇರಿಯೊ ಭಾರತದ ಮಾರುಕಟ್ಟೆಗೆ ತಾನಾಗಿಯೇ ಬದಲಾಗುವ ಎಎಂಟಿ ಗೇರನ್ನು ತಂದ ಮೇಲೆ ಈ ಬಗೆಯ ಕಾರುಗಳು ರಸ್ತೆ ತುಂಬ ಇವೆ. ಗೇರ್ ಬದಲಾಗುವಾಗ ಕ್ಲಚ್ ಬಿಟ್ಟು ಹಿಡಿಯುವ ಆ ಬಿಡುವು ಅದರ ರಚನೆಯಲ್ಲೇ ಇದೆ. ಅದನ್ನು ದೂರಾಗಿ ತಂದವನಿಗೆ ಪ್ಲಗ್ ಹಾಕಿ ಕಳಿಸಿದವರುಂಟು. ಎಂಜಿನ್ನಿನ ಆರ್‌ಪಿಎಂ ಏರುತ್ತಿದ್ದು ಗಾಡಿಯ ವೇಗ ಏರದಿದ್ದರೆ ಅದು ಸವೆದ ಕ್ಲಚ್. ಮುಳ್ಳು ನೋಡಿದರೆ ತಿಳಿಯುವ ಸಂಗತಿಗೆ ಇಂಜೆಕ್ಟರ್ ಬಿಚ್ಚುವುದನ್ನು ಏನೆಂದು ಕರೆಯಬೇಕು?

ಎರಡನೆಯ ತಪ್ಪು ಸ್ಕ್ಯಾನರಿನ ಹೆಸರಿನಲ್ಲಿ ನಡೆಯುತ್ತದೆ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಲ್ಲಿದೆ. ಆ ನಿಯಮದ ಕಾರುಗಳಲ್ಲಷ್ಟೇ ಅಲ್ಲ, ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲೂ ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಬಿಡಿ ಕಿಂಡಿ ಇರುತ್ತದೆ. ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದೆ. ಕೋಡಿನಲ್ಲಿ ಯಾವ ಭಾಗದ ಹೆಸರಿದೆಯೋ ಅದನ್ನು ಬದಲಿಸುವುದೇ ಈಗ ‘ಕಂಪ್ಯೂಟರ್ ಚೆಕಿಂಗ್’ ಎನಿಸಿಕೊಂಡಿದೆ. ಪಿ0171 ಎಂಬ ಕೋಡನ್ನೇ ನೋಡಬಹುದು. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬುದು ಅದರ ಅರ್ಥ. ಈ ವರದಿ ಕೊಟ್ಟದ್ದು ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್. ಪೆಟ್ರೋಲ್ ಪೂರ್ತಿ ಸುಡಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಅದು ತಪ್ಪಿದ್ದನ್ನು ಕಂಡು ಹೇಳುವುದೇ ಆ ಸೆನ್ಸರಿನ ಕೆಲಸ. ಅದು ತನ್ನ ಕೆಲಸ ಮಾಡಿತು, ಗ್ಯಾರೇಜು ಅದನ್ನೇ ಕಿತ್ತುಹಾಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗದು. ನಿಜವಾದ ಕಾರಣ ಏರ್ ಫಿಲ್ಟರಿನಿಂದ ಥ್ರಾಟಲಿಗೆ ಹೋಗುವ ರಬ್ಬರ್ ಕೊಳವೆಯ ಮಡಿಕೆಯಲ್ಲಿ ಬಿಟ್ಟ ಬಿರುಕು ಇರಬಹುದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದ ಪೈಪೂ ಇರಬಹುದು.

ಅದೇ ಸ್ಕ್ಯಾನರಿನಲ್ಲಿ ಕೋಡಿನ ಪಕ್ಕದ ಪುಟದಲ್ಲಿ ಓಡುವ ಅಂಕಿಗಳಿರುತ್ತವೆ. ಅವುಗಳಲ್ಲಿ ಫ್ಯುಯೆಲ್ ಟ್ರಿಮ್ ಎಂಬುದೊಂದಿದೆ. ಲೆಕ್ಕಕ್ಕಿಂತ ಎಷ್ಟು ಶೇಕಡ ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುರಿಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಗಾಳಿಯ ಹರಿವನ್ನೇ ಅಳೆಯುವ ಸೆನ್ಸರ್ ಇರುವ ಎಂಜಿನ್ನಿನಲ್ಲಿ ಐಡಲಿನಲ್ಲಿ ಟ್ರಿಮ್ ಜಾಸ್ತಿಯಿದ್ದು, 2500 ಆರ್‌ಪಿಎಮ್ಮಿಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಬರುತ್ತಿದೆ. ಐಡಲಿನಲ್ಲಿ ನೆಟ್ಟಗಿದ್ದು ಭಾರ ಬಿದ್ದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ಕೊಳೆ ಹಿಡಿದು ಸುಳ್ಳು ಹೇಳುತ್ತಿದೆ. ಎರಡು ಅಂಕಿಗಳು ದಿಕ್ಕನ್ನೇ ಬೇರೆ ಮಾಡುತ್ತವೆ. ಆದರೆ ಅನೇಕ ಸಣ್ಣ ಕಾರುಗಳಲ್ಲಿ ಹರಿವಿನ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಲ್ಲಿ ಸೋರಿಬಂದ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುವುದರಿಂದ ಟ್ರಿಮ್ ಅಷ್ಟಾಗಿ ಕದಲದೆ ಐಡಲ್ ಏರಬಹುದು. ಒಂದು ಕಾರಿನಲ್ಲಿ ಫಲಿಸಿದ ಊಹೆ ಇನ್ನೊಂದರಲ್ಲಿ ಕೈಕೊಡುವುದು ಇಂಥ ಕಡೆಗಳಲ್ಲೇ.

ಮ್ಯಾಪ್ ಸೆನ್ಸರನ್ನು ಪರೀಕ್ಷಿಸಲು ಸ್ಪ್ಯಾನರ್ ಕೂಡ ಬೇಡ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಅದು ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಬೆಂಗಳೂರಿನಲ್ಲಿ 91 ತೋರಿಸಿದ ಸೆನ್ಸರ್ ಈ ಪರೀಕ್ಷೆಯಲ್ಲಿ ತೇರ್ಗಡೆ. ಅದೇ 91 ಮಂಗಳೂರಿನಲ್ಲಿ ಬಂದರೆ ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಬೇಕು. ಅರ್ಧ ನಿಮಿಷದ ಈ ಕೆಲಸ ಮಾಡದೆ ‘ಮ್ಯಾಪ್ ಸೆನ್ಸರ್ ಹೋಗಿದೆ’ ಎನ್ನುವವರ ಬಾಯಲ್ಲಿ ‘ಹೋಗಿದೆ’ ಎಂಬುದಕ್ಕೆ ‘ಸ್ಟಾಕ್ ಇದೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಇದಕ್ಕಿಂತ ಕೆಟ್ಟದ್ದು ಕೋಡ್ ಅಳಿಸುವ ಚಟ. ಗಾಡಿ ಬಂದೊಡನೆ ‘ಎರರ್ ಕ್ಲಿಯರ್ ಮಾಡಿದೀನಿ, ಓಡಿಸಿ ನೋಡಿ’ ಎಂದು ಕಳಿಸುವುದು ಸೇವೆಯೆಂದೇ ಎಣಿಕೆಯಾಗಿದೆ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಇರುತ್ತದೆ. ತೊಂದರೆಯಾದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ವಿವರ ಅದರಲ್ಲಿದೆ. ಅಳಿಸಿದರೆ ಅದೂ ಹೋಯಿತು, ಎಷ್ಟೋ ಕಾರುಗಳಲ್ಲಿ ಇಸಿಯು ಕಲಿತಿಟ್ಟ ಟ್ರಿಮ್ಮೂ ಹೋಯಿತು. ಆ ಮರೆವಿನಿಂದ ಗಾಡಿ ಎರಡು ದಿನ ಬೇರೆ ರೀತಿ ಓಡುತ್ತದೆ, ಮಾಲೀಕನಿಗೆ ಸುಧಾರಿಸಿದಂತೆ ತೋರುತ್ತದೆ, ಹಣ ಕೈಬದಲಾಗುತ್ತದೆ. ಕಳವಾದ ಮನೆಗೆ ಬಂದ ಪೊಲೀಸರು ಮೊದಲು ಬೆರಳಚ್ಚು ಒರೆಸಿದರೆ ಯಾರಾದರೂ ಸುಮ್ಮನಿರುತ್ತಾರೆಯೇ?

ಮೂರನೆಯದು, ನಿಂತ ಗಾಡಿಗೆ ರೇಸ್ ಕೊಟ್ಟು ತೀರ್ಪು ಕೊಡುವುದು. ನ್ಯೂಟ್ರಲಿನಲ್ಲಿ ಪೆಡಲ್ ಒತ್ತಿ ‘ನೋಡಿ, ಚೆನ್ನಾಗೇ ಇದೆ’ ಎನ್ನುವ ಪರೀಕ್ಷೆಗೆ ಬೆಲೆಯೇ ಇಲ್ಲ. ಭಾರವಿಲ್ಲದಾಗ ಸಿಲಿಂಡರಿನೊಳಗಿನ ಒತ್ತಡ ಕಡಿಮೆ, ಆಗ ದುರ್ಬಲ ಕಾಯಿಲ್ ಕೂಡ ಪ್ಲಗ್ಗಿನ ಸಂದಿನಲ್ಲಿ ಕಿಡಿ ಹಾರಿಸುತ್ತದೆ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಒಳಗಿನ ಒತ್ತಡ ಏರಿ, ಅದೇ ಸಂದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸವೆದು ಅಗಲವಾದ ಸಂದಿನ ಪ್ಲಗ್ಗು, ಒಳಗೇ ಸೋರುವ ಕಾಯಿಲ್ಲು ಕೈಕೊಡುವುದು ಆಗ.

ಕಾಯಿಲ್ ಕೆಟ್ಟಿದೆಯೇ ಎಂದು ತಿಳಿಯಲು ಹೊಸ ಕಾಯಿಲ್ ಕೊಳ್ಳಬೇಕಿಲ್ಲ. ಎರಡನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದು ಪಿ0302 ಹೇಳುತ್ತದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಾದರೆ ಎರಡನೆಯದರ ಬೋಲ್ಟ್ ಬಿಚ್ಚಿ, ಕಾಯಿಲನ್ನು ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆಳೆದು ಮೂರನೆಯದರ ಜೊತೆ ಅದಲುಬದಲು ಮಾಡಬೇಕು. ಎಳೆದಾಗಲೇ ಅದರ ರಬ್ಬರಿನ ಒಳಮೈಯನ್ನೂ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನೂ ಬೆಳಕಿಗೆ ಹಿಡಿದು ನೋಡಬೇಕು. ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆಯಿದ್ದರೆ ಕಿಡಿ ಸಂದಿನಲ್ಲಿ ಹಾರುವ ಬದಲು ಹೊರಮೈ ಮೇಲೆ ಹರಿದುಹೋಗುತ್ತಿದೆ. ಆಗ ಪ್ಲಗ್ಗು, ರಬ್ಬರ್ ತೊಡುಗೆ ಎರಡನ್ನೂ ಬದಲಿಸಬೇಕು; ಒಂದನ್ನೇ ಬದಲಿಸಿದರೆ ಹಳೆಯದರ ಗೆರೆ ಹೊಸದನ್ನೂ ಕೆಡಿಸುತ್ತದೆ. ಗೆರೆಯಿಲ್ಲದಿದ್ದರೆ ಮುಚ್ಚಿ, ಗಾಡಿಯನ್ನು ಒಂದು ಏರಿನಲ್ಲಿ ಎಳೆಸಿ ಬರಬೇಕು. ಕೋಡ್ ಪಿ0303 ಆಗಿದ್ದರೆ ತಪ್ಪು ಕಾಯಿಲಿನ ಜೊತೆ ಮೂರಕ್ಕೆ ನಡೆದುಹೋಗಿದೆ: ಒಂದೇ ಒಂದು ಕಾಯಿಲ್ ಬದಲಿಸಿದರೆ ಸಾಕು. ಪಿ0302ರಲ್ಲೇ ನಿಂತಿದ್ದರೆ ಕಾಯಿಲ್ ನಿರಪರಾಧಿ. ಮುಂದೆ ಪ್ಲಗ್ಗಿಗೆ ಇದೇ ಪರೀಕ್ಷೆ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಖರ್ಚು ಅರ್ಧ ಗಂಟೆಯ ಕೂಲಿ. ಇಷ್ಟನ್ನೂ ಮಾಡದೆ ‘ಸೆಟ್ಟೇ ಹಾಕಿಬಿಡೋಣ’ ಎಂದು ನಾಲ್ಕು ಕಾಯಿಲ್ ಮಾರುವುದು ಯಾವ ಅನುಭವದ ಫಲ?

ಪೆಟ್ರೋಲ್ ಪಂಪಿನ ವಿಷಯದಲ್ಲೂ ಇದೇ ಕತೆ. ಪಂಪಿನ ಸದ್ದು ಕೇಳಿ ಅದು ಚೆನ್ನಾಗಿದೆ ಅಥವಾ ಕೆಟ್ಟಿದೆ ಎನ್ನುವ ಕಿವಿಗಳು ಊರಿಗೆ ನಾಲ್ಕಿವೆ. ಸಾಮಾನ್ಯ ಇಂಜೆಕ್ಷನ್ ಎಂಜಿನ್ನಿನಲ್ಲಿ ಇಂಧನದ ಒತ್ತಡ ಸಾಧಾರಣವಾಗಿ 3ರಿಂದ 4 ಬಾರ್ ಇರುತ್ತದೆ. ಗೇಜ್ ಕಟ್ಟಿ, ಗಾಡಿ ಓಡಿಸುತ್ತ ಭಾರ ಬಿದ್ದಾಗ ಮುಳ್ಳು ಕುಸಿಯುತ್ತದೆಯೇ ಎಂದು ನೋಡದೆ ಪಂಪಿಗೆ ತೀರ್ಪು ಕೊಡಲಾಗದು. ಐಡಲಿನಲ್ಲಿ ಬೇಕಾಗುವ ಪೆಟ್ರೋಲ್ ಅಲ್ಪ, ಸಾಯುತ್ತಿರುವ ಪಂಪೂ ಅಷ್ಟನ್ನು ಪೂರೈಸುತ್ತದೆ. ಕುಸಿದರೂ ಪಂಪಿಗಿಂತ ಮೊದಲು ಫಿಲ್ಟರು, ಪಂಪಿನ ಕನೆಕ್ಟರಿಗೆ ತಲುಪುವ ವೋಲ್ಟೇಜು, ಅರ್ತಿಂಗು ನೋಡಬೇಕು. ಸುಟ್ಟು ಕಪ್ಪಾದ ಒಂದು ಪಿನ್ನು ಹೊಸ ಪಂಪನ್ನೂ ಹಸಿವಿನಲ್ಲೇ ಇಡುತ್ತದೆ.

ಮುಚ್ಚಿಕೊಂಡ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಈ ಪದ್ಧತಿಯ ಲೆಕ್ಕ ಪೂರ್ತಿ ಬಯಲಾಗುತ್ತದೆ. ಎಂಜಿನ್ ಮಿಸ್ ಹೊಡೆದಾಗ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ರಚನೆ ಕರಗಿ ದಾರಿ ಮುಚ್ಚುತ್ತದೆ. ಚೆಕ್ ಎಂಜಿನ್ ದೀಪ ಮಿನುಗುವುದು ಈ ಅಪಾಯದ ಎಚ್ಚರಿಕೆಯೇ. ಒಂದು ಕೆಟ್ಟ ಕಾಯಿಲ್ ಹುಡುಕದೆ, ಒಂದೊಂದೇ ಭಾಗ ‘ಹಾಕಿ ನೋಡುತ್ತ’ ತಿಂಗಳುಗಟ್ಟಲೆ ಓಡಿಸಿದ ಗಾಡಿ ಕೊನೆಗೆ ಹತ್ತಾರು ಸಾವಿರದ ಕನ್ವರ್ಟರನ್ನೇ ತಿನ್ನುತ್ತದೆ. ಮಿಸ್ಸಿಂಗ್ ನಿಲ್ಲಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದಕ್ಕೂ ಅದೇ ಗತಿ. ಕನ್ವರ್ಟರಿಗಿಂತ ಮೊದಲಿರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿದರೆ ಕನ್ವರ್ಟರ್ ಮುಚ್ಚಿದೆಯೋ ಇಲ್ಲವೋ ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಇನ್ನು ಔಷಧ ಮಾರುವವರ ಸಾಲು. ಪ್ರತಿ ಸರ್ವಿಸಿನಲ್ಲೂ ‘ಡೀಕಾರ್ಬನ್’ ಪ್ಯಾಕೇಜು, ಟ್ಯಾಂಕಿಗೆ ಸುರಿಯುವ ಬಾಟಲಿ, ದುಬಾರಿ ಪೆಟ್ರೋಲಿನ ಸಲಹೆ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನಿನಲ್ಲಿ ವಾಲ್ವಿನ ಬೆನ್ನಿನ ಮೇಲೆ ಪೆಟ್ರೋಲ್ ಹಾಯುವುದೇ ಇಲ್ಲ, ಕಾರ್ಬನ್ ಅಲ್ಲಿ ಕೂರುವುದೂ ಅದರಿಂದಲೇ. ಹೀಗಿರುವಾಗ ಟ್ಯಾಂಕಿಗೆ ಸುರಿದ ಬಾಟಲಿ ಆ ವಾಲ್ವನ್ನು ಹೇಗೆ ತೊಳೆಯುತ್ತದೆ? ಹೆಚ್ಚಿನ ಆಕ್ಟೇನ್ ಎಂದರೆ ನಾಕಿಂಗ್ ತಡೆಯುವ ಶಕ್ತಿ ಹೆಚ್ಚು ಎಂದಷ್ಟೇ ಅರ್ಥ. ಸೋರುವ ಪೈಪಿಗೂ ಸೋತ ಕಾಯಿಲಿಗೂ ಅದು ಮದ್ದಲ್ಲ. ಪೆಡಲಿಗೆ ಜೋಡಿಸುವ ‘ಥ್ರಾಟಲ್ ಕಂಟ್ರೋಲರ್’ ಮಾಡುವುದು ಸ್ವಲ್ಪ ಒತ್ತಿದ್ದನ್ನು ಜಾಸ್ತಿ ಒತ್ತಿದೆ ಎಂದು ಇಸಿಯುವಿಗೆ ಹೇಳುವ ಕೆಲಸ ಮಾತ್ರ. ಕೊಳಕು ಏರ್ ಫಿಲ್ಟರ್ ವೇಗೋತ್ಕರ್ಷವನ್ನು ಕುಗ್ಗಿಸುವುದು ನಿಜ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಹೊಸ ಕಾರುಗಳ ಮೈಲೇಜ್ ಬಹುಮಟ್ಟಿಗೆ ಬದಲಾಗದೆ ಪಿಕಪ್ ಮಾತ್ರ ಇಳಿದದ್ದು ಕಂಡುಬಂತು. ಮೈಲೇಜಿನ ಹೆಸರಿನಲ್ಲೇ ಫಿಲ್ಟರ್ ಮಾರುವವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಏನೂ ತೋಚದಾಗ ಉಳಿಯುವ ಕೊನೆಯ ಆರೋಪಿ ಬಂಕಿನ ಪೆಟ್ರೋಲ್. ಕಲಬೆರಕೆಯ ಅನುಮಾನವಿದ್ದರೆ ಬಂಕಿನಲ್ಲೇ ಫಿಲ್ಟರ್ ಕಾಗದದ ಪರೀಕ್ಷೆ ಕೇಳುವ, ಸಾಂದ್ರತೆ ತಾಳೆ ನೋಡುವ ಹಕ್ಕು ಗಿರಾಕಿಗಿದೆ. ಹಾಗೆ ಕೇಳಿ ಎಂದು ಹೇಳುವ ಗ್ಯಾರೇಜು ಅಪರೂಪ, ದೂರುವ ಗ್ಯಾರೇಜು ಎಲ್ಲೆಲ್ಲೂ. ಶೇಕಡ 20 ಎಥನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಹಿಂದೂಡಿದ ಮೇಲೆ ಊಹೆಗೆ ಇ20 ಎಂಬ ಹೊಸ ನೆಪ ಸಿಕ್ಕಿದೆ. ಲೀಟರಿಗೆ ಎಥನಾಲ್ ಕೊಡುವ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು. ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಇಂಧನ ಹರಿಯಬೇಕು. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಹಳೆಯ ಗಾಡಿಯ ರಬ್ಬರಿಗೂ ಅದರಿಂದ ತೊಂದರೆಯಾಗಬಹುದು. ಇವೆಲ್ಲ ನಿಜವಾದ್ದರಿಂದಲೇ ಅಳತೆ ಇನ್ನಷ್ಟು ಅಗತ್ಯ. ಅಂಚಿನಲ್ಲಿದ್ದ ಪಂಪು ಇ20 ಬಂದ ಮೇಲೆ ಸೋತಿದ್ದರೆ ಭಾರದಲ್ಲಿ ಏರುವ ಟ್ರಿಮ್ಮು, ಕುಸಿಯುವ ಗೇಜು ಅದನ್ನು ಹೇಳುತ್ತವೆ. ‘ಇ20 ಸಾರ್, ಏನ್ಮಾಡೋಕಾಗುತ್ತೆ’ ಎಂಬ ನಿಟ್ಟುಸಿರು ಹೇಳುವುದಿಲ್ಲ.

ಈ ಸ್ಥಿತಿಗೆ ಗ್ಯಾರೇಜಿನವನೊಬ್ಬನೇ ಹೊಣೆಯಲ್ಲ. ಬಿಡಿಭಾಗ, ರಿಪೇರಿ ಕೈಪಿಡಿ, ತಪಾಸಣಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ವೈರಿಂಗಿನ ನಕ್ಷೆಯೇ ಕೈಗೆ ಸಿಗದವನು ಊಹೆ ಮಾಡದೆ ಇನ್ನೇನು ಮಾಡಿಯಾನು? ನಕ್ಷೆ, ಕೈಪಿಡಿ, ಉಪಕರಣ ಎಲ್ಲ ಇರುವ ಅಧಿಕೃತ ಸರ್ವಿಸ್ ಸೆಂಟರುಗಳಿಗೆ ಈ ರಿಯಾಯಿತಿ ಸಲ್ಲದು. ಅಲ್ಲಿ ಊಹೆಗೆ ಕಾರಣ ಅಜ್ಞಾನವಲ್ಲ, ಬಿಡಿಭಾಗದ ಮೇಲಿನ ಲಾಭ. ಮಾಲೀಕನೂ ಕಡಿಮೆಯವನಲ್ಲ. ಎಂಟು ಸಾವಿರದ ಪಂಪಿಗೆ ಚೌಕಾಸಿ ಮಾಡದವನು, ಪಂಪು ಬೇಡವೆಂದು ಕಂಡುಹಿಡಿದವನಿಗೆ ಎಂಟುನೂರು ಕೊಡಲು ‘ಏನೂ ಹಾಕೇ ಇಲ್ವಲ್ಲ, ಯಾಕೆ ದುಡ್ಡು?’ ಎನ್ನುತ್ತಾನೆ. ಬುದ್ಧಿಗೆ ಕೂಲಿಯಿಲ್ಲದ ಕಡೆ ಬುದ್ಧಿ ಉಪಯೋಗಿಸುವವನು ಸಿಗುವುದಾದರೂ ಹೇಗೆ?

ಆದುದರಿಂದ ತಪಾಸಣೆಗೆ ಬೇರೆಯದೇ ದರ ಇರಬೇಕು, ಮಾಲೀಕರು ಅದನ್ನು ಕೊಸರಾಡದೆ ಕೊಡಬೇಕು. ಜಾಬ್ ಕಾರ್ಡಿನಲ್ಲಿ ತೊಂದರೆ ಯಾವ ಗೇರಿನಲ್ಲಿ, ಯಾವ ವೇಗದಲ್ಲಿ, ಎಂಜಿನ್ ಬಿಸಿಯೋ ತಣ್ಣಗೋ ಎಂದು ಬರೆಯದೆ ಯಾವ ಗಾಡಿಯನ್ನೂ ಒಳಗೆ ತೆಗೆದುಕೊಳ್ಳಬಾರದು. ಕೋಡನ್ನೂ ಫ್ರೀಜ್ ಫ್ರೇಮನ್ನೂ ಬರೆದುಕೊಳ್ಳುವ ಮೊದಲು ಅಳಿಸುವುದನ್ನು ಕೆಲಸದ ಲೋಪವೆಂದೇ ಪರಿಗಣಿಸಬೇಕು. ಐಟಿಐಗಳ ಮೋಟಾರು ವಾಹನ ತರಬೇತಿಯಲ್ಲಿ ಬಿಚ್ಚಿ ಜೋಡಿಸುವ ಪರೀಕ್ಷೆಯಷ್ಟೇ ತೂಕ, ಕೆಡಿಸಿಟ್ಟ ಗಾಡಿಯೊಂದರಲ್ಲಿ ಏನನ್ನೂ ಬದಲಿಸದೆ ಕಾರಣ ಹುಡುಕುವ ಪರೀಕ್ಷೆಗೂ ಸಿಗಬೇಕು. ವೈರಿಂಗ್ ನಕ್ಷೆ, ಸರಿಯಾದ ಒತ್ತಡ ಮತ್ತು ವೋಲ್ಟೇಜಿನ ಅಂಕಿಗಳನ್ನು ನ್ಯಾಯವಾದ ಬೆಲೆಗೆ ಎಲ್ಲ ಮೆಕ್ಯಾನಿಕ್‌ಗಳಿಗೂ ಕೊಡುವಂತೆ ಕಾನೂನು ತಯಾರಕರನ್ನು ಕಟ್ಟಿಹಾಕಬೇಕು. ಬದಲಿಸಿದ ಪ್ರತಿ ಭಾಗದ ಎದುರು ಬಿಲ್ಲಿನಲ್ಲಿ ಮೂರು ಸಂಗತಿ ಇರಬೇಕು: ಬದಲಿಸುವ ಮುಂಚಿನ ಅಳತೆ, ಬದಲಿಸಿದ ನಂತರದ ಅಳತೆ, ಹಳೆಯ ಭಾಗ ಮಾಲೀಕನ ಕೈಸೇರಿತು ಎಂಬ ಸಹಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ, ಗಿರಾಕಿಗೆ ತಿಳಿಯಬೇಕಾದದ್ದನ್ನು ಬೇಕೆಂದೇ ಮುಚ್ಚಿಡುವುದನ್ನು ಸೇವಾ ನ್ಯೂನತೆ ಎನ್ನುತ್ತದೆ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶ ಮಾಡಿದೆ. ಮೂರು ಅಂಕಣಗಳೂ ಖಾಲಿಯಿರುವ ಬಿಲ್ಲಿಗೆ ಹಣ ಕಟ್ಟುವ ಮೊದಲು ಮಾಲೀಕರು ಕೌಂಟರಿನಲ್ಲೇ ನಿಂತು ಕೇಳಲಿ: ಈ ಭಾಗ ಕೆಟ್ಟಿತ್ತೆಂದು ಯಾವ ಅಳತೆ ಹೇಳಿತು?